ಮಲೆನಾಡಿನ ತಿರುಗಾಟಕ್ಕೆ ಎಂಥ ಬಾರ್ಬೆಕ್ಯೂ ಒಲೆ ಕೊಳ್ಳಬೇಕು?

ಪ್ರಶ್ನೆ: ನಾವು ಶಿವಮೊಗ್ಗದವರು. ಹಳೆಯ ಟೆಂಪೋ ಟ್ರಾವೆಲರ್ ಒಂದನ್ನು ಕ್ಯಾಂಪರ್ ವ್ಯಾನ್ ಆಗಿ ಮಾಡಿಸಿಕೊಂಡಿದ್ದೇವೆ. ನಾನು, ಪತ್ನಿ, ಇಬ್ಬರು ಮಕ್ಕಳು, ಕೆಲವೊಮ್ಮೆ ಅಮ್ಮನೂ ಇರುತ್ತಾರೆ. ರಜೆ ಸಿಕ್ಕಾಗ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಹೋಗಿ ಪರಿಚಯದವರ ತೋಟದಲ್ಲೋ ಹೋಂಸ್ಟೇ ಅಂಗಳದಲ್ಲೋ ಒಂದೆರಡು ರಾತ್ರಿ ಕಳೆಯುತ್ತೇವೆ. ಜೊತೆಗೆ ಒಯ್ಯುವಂಥ ಬಾರ್ಬೆಕ್ಯೂ ಒಂದನ್ನು ಕೊಳ್ಳಬೇಕೆಂದಿದ್ದೇವೆ. ಇದ್ದಿಲಿನದೋ, ಗ್ಯಾಸಿನದೋ, ಕರೆಂಟಿನದೋ ತೀರ್ಮಾನವಾಗುತ್ತಿಲ್ಲ. ವ್ಯಾನಿನಲ್ಲಿ 12 ವೋಲ್ಟಿನ, 100 ಆಂಪಿಯರ್-ಅವರ್ ಬ್ಯಾಟರಿ ಇದೆ. ಮಳೆಗಾಲದಲ್ಲೂ ಬಳಸುವಂತಿರಬೇಕು. ಅಮ್ಮ ಮಾಂಸ ತಿನ್ನುವುದಿಲ್ಲ. ಯಾವುದನ್ನು ಕೊಳ್ಳೋಣ?

ಉತ್ತರ: ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಸಂಸಾರಕ್ಕೂ ನಿಮ್ಮ ತಿರುಗಾಟಕ್ಕೂ ಹೊಂದುವುದು ಗಟ್ಟಿ ಮುಚ್ಚಳವಿರುವ, ಒಂದೇ ಬರ್ನರಿನ ಸಣ್ಣ ಗ್ಯಾಸ್ ಗ್ರಿಲ್, ಅದರ ಜೊತೆಗೆ 5 ಕಿಲೋ ಸಿಲಿಂಡರ್. ಇದ್ದಿಲಿನ ಒಲೆ ಬೇಕೇ ಬೇಕು ಅನ್ನಿಸಿದರೆ ಅದು ಮುಂದೆ ಯಾವಾಗಲಾದರೂ ಕೊಳ್ಳುವ ಎರಡನೆಯ ಒಲೆಯಾಗಲಿ. ಕರೆಂಟಿನದನ್ನು ಮರೆತುಬಿಡಿ.

ಅಂಗಡಿಯಲ್ಲಿ ನಿಮಗೆ ತೋರಿಸುವುದು ಒಲೆ ಎಷ್ಟು ಬೇಗ ಹೊತ್ತಿಕೊಳ್ಳುತ್ತದೆ, ಎಷ್ಟು ಚಿಕ್ಕದಾಗಿ ಮಡಚಿಕೊಳ್ಳುತ್ತದೆ ಎಂಬುದನ್ನು. ಶಿಬಿರಗಳ ಅಡುಗೆ ನೋಡಿಕೊಳ್ಳುವ ನಾನು ಯಾವ ಒಲೆ ಕಂಡರೂ ಮೊದಲು ಕೇಳುವುದು ಬೇರೆಯದೇ ಪ್ರಶ್ನೆ: ಊಟ ಮುಗಿದ ಮೇಲೆ ಇದರ ಬೆಂಕಿಯನ್ನು ಪೂರ್ತಿ ನಂದಿಸಿ, ಒಲೆಯನ್ನು ತಣ್ಣಗೆ ವ್ಯಾನಿಗೆ ಏರಿಸಲು ಎಷ್ಟು ಹೊತ್ತು ಬೇಕು? ಗ್ಯಾಸಿನದಕ್ಕೆ ಅರ್ಧ ಮುಕ್ಕಾಲು ಗಂಟೆ ಸಾಕು. ಇದ್ದಿಲಿನದಕ್ಕೆ ಒಂದು ರಾತ್ರಿ ಬೇಕು. ಬೇರೆ ಊರುಗಳಲ್ಲಿ ಈ ವ್ಯತ್ಯಾಸವನ್ನು ಅನುಕೂಲದ ಮಾತೆಂದು ಬಿಡಬಹುದು, ಮಲೆನಾಡಿನಲ್ಲಿ ಬಿಡುವಂತಿಲ್ಲ. ಮಕ್ಕಳ ಪರೀಕ್ಷೆ ಮುಗಿದು ನೀವು ವ್ಯಾನ್ ಹೊರಡಿಸುವ ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿಯೇ ಗುಡ್ಡದ ಹುಲ್ಲು ಒಣಗಿ ನಿಂತಿರುತ್ತದೆ, ತೋಟದಂಚಿನ ದರಗು, ಎಂದರೆ ಉದುರಿದ ಒಣ ಎಲೆ, ಕಾಲಿಟ್ಟರೆ ಪುಡಿಯಾಗುವಷ್ಟು ಗರಿಗರಿಯಾಗಿರುತ್ತದೆ. ಅರಣ್ಯ ಇಲಾಖೆಯವರು ಬೆಂಕಿ ಹಬ್ಬದಂತೆ ಬೆಂಕಿ ರೇಖೆ ಕಡಿದು ಹಗಲಿರುಳು ಕಾಯುವ ಕಾಲ ಅದು. ಗಾಳಿಗೆ ಹಾರಿದ ಒಂದು ಕಿಡಿ, ಬೇಲಿಯಾಚೆ ಸುರಿದ ಒಂದು ಹಿಡಿ ಬೂದಿ ಸಾಕು. ಕರ್ನಾಟಕ ಅರಣ್ಯ ಕಾಯ್ದೆ, 1963ರ ಪ್ರಕಾರ ಮೀಸಲು ಅರಣ್ಯದೊಳಗೆ ಬೆಂಕಿ ಹಚ್ಚುವುದು ಅಪರಾಧ. ಒಲೆ ಚಿಕ್ಕದಿತ್ತು, ಕಾಲಿನ ಮೇಲೆ ನಿಂತಿತ್ತು ಎಂಬ ಸಬೂಬು ಅಲ್ಲಿ ನಡೆಯುವುದಿಲ್ಲ. ನೀವು ತೋಟ, ಅಂಗಳಗಳಲ್ಲಿಯೇ ಉಳಿಯುತ್ತೀರಿ ಎಂದಿದ್ದೀರಿ. ಅದೇ ಸರಿ. ಆದರೆ ಮಲೆನಾಡಿನ ಎಷ್ಟೋ ತೋಟಗಳಿಗೆ ಕಾಡೇ ಬೇಲಿ ಎಂಬುದು ನೆನಪಿರಲಿ.

ಕರೆಂಟಿನ ಗ್ರಿಲ್ ಯಾಕೆ ಬೇಡ ಎನ್ನುವುದಕ್ಕೆ ಲೆಕ್ಕವೇ ಸಾಕು. ಸಾಮಾನ್ಯ ಗ್ರಿಲ್ 2,000 ವಾಟ್ ಎಳೆಯುತ್ತದೆ. ನಿಮ್ಮ ಬ್ಯಾಟರಿಯಲ್ಲಿರುವುದು ಹೆಚ್ಚೆಂದರೆ 1,200 ವಾಟ್-ಅವರ್. ಲಿಥಿಯಂ ಬ್ಯಾಟರಿಯಾದರೆ ಅರ್ಧ ಗಂಟೆ, ಹಳೆಯ ಸೀಸದ ಬ್ಯಾಟರಿಯಾದರೆ ಅದನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡಬಾರದಾದ್ದರಿಂದ ಕಾಲು ಗಂಟೆ. ಅಷ್ಟರಲ್ಲಿ ಗ್ರಿಲ್ ಕಾದಿರುತ್ತದೆ, ಅಷ್ಟೇ. ಇನ್ವರ್ಟರಿಗೆ ಹೋಗುವ ತಂತಿಯಲ್ಲಿ 160 ಆಂಪಿಯರಿಗಿಂತ ಹೆಚ್ಚು ಹರಿಯುವುದರಿಂದ ತಂತಿ ತೆಳುವಾಗಿದ್ದರೆ ಅಪಾಯ ಬೇರೆ. ಹೋಂಸ್ಟೇಯ ಪ್ಲಗ್ಗಿಗೆ ಸಿಕ್ಕಿಸುತ್ತೇವೆ ಎಂದರೆ 16 ಆಂಪಿಯರ್ ಸಾಕೆಟ್ ಬೇಕು, ಅದು ಅಂಗಳದಲ್ಲಿ ಇರುವುದಿಲ್ಲ. ಜುಲೈ ತಿಂಗಳಿನಲ್ಲಿ ಹೊಸನಗರದ ಕಡೆ ಕರೆಂಟು ಇರುತ್ತದೆ ಎಂದು ನಂಬಿ ಮಾಂಸಕ್ಕೆ ಮಸಾಲೆ ಸವರಿಡುವ ಧೈರ್ಯ ನನಗಂತೂ ಇಲ್ಲ.

ಇದ್ದಿಲಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಕೆಂಡದ ರುಚಿ ನಮ್ಮ ನೆಲಕ್ಕೆ ಹೊಸದಲ್ಲ. ತವೆಯಿಂದ ಇಳಿಸಿದ ಅಕ್ಕಿ ರೊಟ್ಟಿಯನ್ನು ಒಲೆಯ ಬಾಯಿಗೆ ಎಳೆದ ಕೆಂಡದ ಮುಂದೆ ನಿಲ್ಲಿಸಿದಾಗ ಅದು ಉಬ್ಬುವ ಬಗೆಯನ್ನು ಯಾವ ಗ್ಯಾಸ್ ಬರ್ನರೂ ಕೊಡಲಾರದು. ಆದ್ದರಿಂದ ಇದ್ದಿಲು ಬೇಕೆನ್ನುವವರನ್ನು ನಾನು ಬೇಡವೆಂದು ತಡೆಯುವುದಿಲ್ಲ. ಯಾವ ಒಲೆ ಎಂದು ಮಾತ್ರ ಪಟ್ಟು ಹಿಡಿದು ಕೇಳುತ್ತೇನೆ.

ಸೂಟ್‌ಕೇಸಿನಂತೆ ಮಡಚುವ ತೆಳು ತಗಡಿನ ತೆರೆದ ಒಲೆಗಳು ಅಗ್ಗ, ಹಗುರ. ಆದರೆ ಮುಚ್ಚಳವಿಲ್ಲ, ಗಾಳಿ ಬಂದರೆ ಕಿಡಿ ಹಾರುತ್ತದೆ, ಎರಡು ಸಲ ಕಾದರೆ ತಗಡು ಸೊಟ್ಟಗಾಗುತ್ತದೆ, ಗಿಡ್ಡ ಕಾಲಿನಿಂದಾಗಿ ಕೆಳಗಿನ ಹುಲ್ಲು ಕರಕಲಾಗುತ್ತದೆ. ಸಿಮೆಂಟಿನ ಅಂಗಳವಿದ್ದರೆ ಆದೀತು, ಉಳಿದ ಕಡೆ ಬೇಡ. ಒಂದು ಸಲ ಬಳಸಿ ಎಸೆಯುವ ಅಲ್ಯೂಮಿನಿಯಂ ತಟ್ಟೆಯ ಒಲೆಗಳನ್ನಂತೂ ಕೈಯಲ್ಲಿ ಮುಟ್ಟಬೇಡಿ. ಅವನ್ನು ಪೂರ್ತಿ ನಂದಿಸುವುದು ಕಷ್ಟ, ಉಳಿಯುವುದು ಕಸ.

ಇದ್ದಿಲಿನಲ್ಲಿ ನಾನು ಒಪ್ಪುವುದು ದುಂಡನೆಯ, ಮುಚ್ಚಳದ ಕೆಟಲ್ ಮಾದರಿಯನ್ನು. ಮೇಲೊಂದು, ಕೆಳಗೊಂದು ಗಾಳಿಕಿಂಡಿ ಇದ್ದು ಎರಡೂ ಬಿಗಿಯಾಗಿ ಮುಚ್ಚುವಂತಿರಬೇಕು. ಊಟವಾದ ಮೇಲೆ ಮುಚ್ಚಳ ಹಾಕಿ ಎರಡೂ ಕಿಂಡಿ ಮುಚ್ಚಿದರೆ ಗಾಳಿ ಸಿಗದೆ ಕೆಂಡ ತಾನಾಗಿ ಆರುತ್ತದೆ, ಉಳಿದ ಇದ್ದಿಲು ಮುಂದಿನ ಸಲಕ್ಕೆ ಆಗುತ್ತದೆ. 36 ಸೆಂಟಿಮೀಟರ್ ಅಗಲದ್ದು ನಿಮ್ಮ ನಾಲ್ಕೈದು ಜನಕ್ಕೆ ಸಾಕು, ಒಂದು ಊಟಕ್ಕೆ ಹೆಚ್ಚುಕಡಿಮೆ ಒಂದು ಕಿಲೋ ಇದ್ದಿಲು ಹಿಡಿಯುತ್ತದೆ. ಬ್ಯಾಟರಿಯ ಸಣ್ಣ ಫ್ಯಾನಿನಿಂದ ಗಾಳಿ ಊದುವ ಒಲೆಗಳೂ ಬಂದಿವೆ. ಇದ್ದಿಲು ನಡುವಿನ ಡಬ್ಬಿಯೊಳಗೆ ಇರುವುದರಿಂದ ಹೊರಮೈ ಅಷ್ಟು ಸುಡುವುದಿಲ್ಲ, ಜಿಡ್ಡು ಕೆಂಡದ ಮೇಲೆ ಬೀಳದೆ ಹೊಗೆಯೂ ಕಡಿಮೆ. ಒಳ್ಳೆಯ ವಸ್ತುವೇ, ಆದರೆ ಬೆಲೆ ಹೆಚ್ಚು.

ಇದ್ದಿಲು ಹೊತ್ತಿಸಲು ಸೀಮೆಎಣ್ಣೆ, ಪೆಟ್ರೋಲ್ ಬೇಡ. ಒಣಗಿದ ತೆಂಗಿನ ಸಿಪ್ಪೆ, ಅಡಿಕೆ ಸಿಪ್ಪೆ ನಮ್ಮಲ್ಲಿ ಎಲ್ಲಿಯೂ ಸಿಗುತ್ತವೆ. ಒಂದು ಬಿಲ್ಲೆ ಕರ್ಪೂರದ ಮೇಲೆ ಒಂದು ಹಿಡಿ ಸಿಪ್ಪೆ, ಅದರ ಮೇಲೆ ಇದ್ದಿಲು. ಆಮೇಲೆ ಬೇಕಾದದ್ದು ತಾಳ್ಮೆ. ಮೊದಲು ಕಪ್ಪು ತುಂಡುಗಳ ಚೂಪು ಅಂಚಿನಲ್ಲಿ ಬಿಳಿ ಗೆರೆ ಮೂಡುತ್ತದೆ. ಅದು ಮೆಲ್ಲಗೆ ಒಳಗೆ ಹರಡುತ್ತಾ ಹೋಗಿ, ಇಪ್ಪತ್ತು ಮೂವತ್ತು ನಿಮಿಷದಲ್ಲಿ ತುಂಡಿನ ಮೈಯೆಲ್ಲ ಬೂದಿ ಹೊದ್ದು, ಬಿರುಕಿನ ಒಳಗೆ ಮಾತ್ರ ಕೆಂಪು ಕಾಣುತ್ತದೆ. ಉರಿ ನಿಂತಿರುತ್ತದೆ, ಹೊಗೆ ಇರುವುದಿಲ್ಲ. ಮಾಂಸ ಇಡಬೇಕಾದದ್ದು ಆಗ. ಜಾಲರಿಯಿಂದ ಒಂದು ಗೇಣು ಮೇಲೆ ಅಂಗೈ ಹಿಡಿಯಿರಿ. ಎರಡು ಮೂರು ಎಣಿಸುವುದರೊಳಗೆ ಕೈ ತೆಗೆಯಬೇಕೆನಿಸಿದರೆ ಬಿಸಿ ಜೋರಾಗಿದೆ, ಮೀನಿಗೆ ಸರಿ. ಐದಾರು ಎಣಿಸುವಷ್ಟು ತಡೆದರೆ ಕೋಳಿಯ ಕಾಲಿಗೆ ಸರಿ. ತೆಂಗಿನ ಚಿಪ್ಪಿನ ಇದ್ದಿಲು ಹೊತ್ತಿಕೊಳ್ಳಲು ಹಟ ಮಾಡುತ್ತದೆ, ಹೊತ್ತಿದ ಮೇಲೆ ಬಹಳ ಹೊತ್ತು ಒಂದೇ ಹದದಲ್ಲಿ ಉರಿಯುತ್ತದೆ. ಯಾವ ಇದ್ದಿಲಾದರೂ ಮಳೆಗಾಲದಲ್ಲಿ ಗಾಳಿಯ ತೇವವನ್ನೇ ಹೀರಿಕೊಳ್ಳುತ್ತದೆ. ಗೋಣಿಚೀಲದಲ್ಲಿ ಇಡದೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡಿ.

ಇದ್ದಿಲು ಸಾಲದಾದಾಗ ಮಕ್ಕಳನ್ನು ಪುರಲೆ ಆರಿಸಲು ಕಾಡಿನಂಚಿಗೆ ಕಳಿಸಬೇಡಿ. ಡಿಸೆಂಬರಿನಿಂದ ಮೇ ತನಕ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಆ ರೋಗ ಇಂದಿಗೂ ನಮ್ಮ ತಾಲ್ಲೂಕುಗಳನ್ನು ಬಿಟ್ಟಿಲ್ಲ. ಅದನ್ನು ಹರಡುವ ಉಣುಗುಗಳು ಇರುವುದು ಅದೇ ದರಗಿನಲ್ಲಿ, ಅದೇ ಪೊದೆಗಳಲ್ಲಿ. ಇನ್ನೊಂದು ಮಾತು: ಕೈಗೆ ಸಿಕ್ಕ ಹಸಿ ಕೊಂಬೆಯನ್ನು ಚೂಪು ಮಾಡಿ ಅದಕ್ಕೆ ಮಾಂಸ ಚುಚ್ಚುವ ಅಭ್ಯಾಸವೂ ಬೇಡ. ಕಾಸರಕದ ಮರ ವಿಷ. ಗೇರು ಜಾತಿಯ ಕೆಲವು ಕಾಡುಮರಗಳ ಸೊನೆ ತಾಗಿದರೆ ಮೈಯೆಲ್ಲ ಬೊಕ್ಕೆ ಏಳುತ್ತದೆ. ಸ್ಟೀಲಿನ ಸರಳು ನಾಲ್ಕು ಇಟ್ಟುಕೊಂಡರೆ ಮುಗಿಯಿತು.

ಇದ್ದಿಲಿನ ದೊಡ್ಡ ಅಪಾಯ ಇನ್ನೂ ಹೇಳಿಲ್ಲ. ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊರಗೆ ಮಳೆ ಬಂತೆಂದು ಒಲೆಯನ್ನು ವ್ಯಾನಿನ ಬಾಗಿಲಿಗೆ ತಂದಿಡುವುದು, ಚಳಿಯೆಂದು ಆರುತ್ತಿರುವ ಕೆಂಡವನ್ನು ಟೆಂಟಿನೊಳಗೆ ಇಟ್ಟುಕೊಂಡು ಮಲಗುವುದು, ಎರಡೂ ಜೀವ ತೆಗೆಯುವ ಕೆಲಸ. ಕಿಟಕಿ ಒಂದಿಷ್ಟು ತೆರೆದಿದ್ದರೆ ಏನೂ ಆಗುವುದಿಲ್ಲ ಎಂಬ ಮಾತನ್ನು ನಂಬಬೇಡಿ. ಬೂದಿ ಮುಚ್ಚಿ ಆರಿದಂತೆ ಕಾಣುವ ಕೆಂಡವೂ ಆ ಅನಿಲವನ್ನು ಬಿಡುತ್ತಲೇ ಇರುತ್ತದೆ. ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ಹಾಗಾಗಿ ಇದ್ದಿಲಿನ ಒಲೆ ಇದ್ದವರು ಅದನ್ನು ರಾತ್ರಿ ವ್ಯಾನಿನ ಹೊರಗೇ, ಬರಿ ನೆಲದ ಮೇಲೆ ಬಿಡಬೇಕು. ಬೆಳಿಗ್ಗೆ ಬೂದಿಗೆ ನೀರು ಹಾಕಿ, ಕಡ್ಡಿಯಿಂದ ಕೆದಕಿ, ಮತ್ತೆ ನೀರು ಹಾಕಿ, ಕೈ ಹಿಂಬದಿಯಿಂದ ಮುಟ್ಟಿ ತಣ್ಣಗಿದೆ ಎಂದು ಖಾತ್ರಿಯಾದ ಮೇಲೆ ತಗಡಿನ ಡಬ್ಬಿಗೆ ತುಂಬಬೇಕು. ಗ್ಯಾಸ್ ಗ್ರಿಲ್ಲನ್ನೂ ವ್ಯಾನಿನೊಳಗೆ ಹಚ್ಚಬಾರದು. ವ್ಯಾನಿನ ಗೋಡೆಗೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಒಂದನ್ನು ಇಂದೇ ಹಾಕಿಸಿ. ಬ್ಯಾಟರಿಯಲ್ಲಿ ನಡೆಯುವಂಥವು ಆನ್‌ಲೈನಿನಲ್ಲಿ ಸಿಗುತ್ತವೆ. ಒಲೆಗಿಂತ ಮೊದಲು ಅದನ್ನು ಕೊಂಡರೆ ನನಗೆ ಸಂತೋಷ.

ಇನ್ನು ಗ್ಯಾಸಿಗೆ ಬರೋಣ. ಸಣ್ಣ ಗ್ರಿಲ್ಲಿನ ಬರ್ನರ್ ಸುಮಾರು 2.5 ಕಿಲೋವ್ಯಾಟಿನದಾದರೆ ಪೂರ್ತಿ ಉರಿಯಲ್ಲಿ ಗಂಟೆಗೆ 200 ಗ್ರಾಂ ಅನಿಲ ತಿನ್ನುತ್ತದೆ. 5 ಕಿಲೋ ಸಿಲಿಂಡರ್ ಇಪ್ಪತ್ತೈದು ಗಂಟೆ ಬಂತು. ಒಂದು ಊಟಕ್ಕೆ ಮುಕ್ಕಾಲು ಗಂಟೆಯಂತೆ ಹಿಡಿದರೆ ನಿಮಗೆ ವರ್ಷವಿಡೀ ಸಾಕಾದೀತು. ಇಂಡಿಯನ್ ಆಯಿಲ್ ‘ಛೋಟು’ ಎಂದು ಮಾರುವ 5 ಕಿಲೋ ಸಿಲಿಂಡರ್ ಗುರುತಿನ ಚೀಟಿ ತೋರಿಸಿದರೆ ಸಿಗುತ್ತದೆ, ಖಾಲಿಯಾದಾಗ ಬದಲಾಯಿಸಿಕೊಳ್ಳಬಹುದು. ಅಂಗಡಿಗಳಲ್ಲಿ ಕಾಣುವ 220 ಗ್ರಾಮಿನ ಬ್ಯೂಟೇನ್ ಡಬ್ಬಿಗಳು ಒಂದು ಗಂಟೆಗೆ ಸ್ವಲ್ಪ ಮೇಲೆ ಬರುತ್ತವೆ, ಅಷ್ಟೇ. ಯುರೋಪಿನವರು ಬರೆದದ್ದನ್ನು ಓದಿದರೆ ಚಳಿಯಲ್ಲಿ ಬ್ಯೂಟೇನ್ ಕೆಲಸ ಮಾಡುವುದಿಲ್ಲ ಎಂದಿರುತ್ತದೆ. ಅದು ಸೊನ್ನೆ ಡಿಗ್ರಿಯ ಮಾತು. ಮಲೆನಾಡಿನ ಚಳಿ ಅಷ್ಟಕ್ಕೆ ಇಳಿಯುವುದಿಲ್ಲ, ಆ ಚಿಂತೆ ಬೇಡ.

ಆದರೆ ಬ್ಯೂಟೇನ್ ಡಬ್ಬಿಯ ಒಲೆಗಳ ಬಗ್ಗೆ ಬೇರೊಂದು ಚಿಂತೆ ಇದೆ. ಡಬ್ಬಿಯನ್ನು ಪಕ್ಕದಲ್ಲಿ ಅಡ್ಡಲಾಗಿ ಕೂರಿಸುವ ಚಪ್ಪಟೆ ಒಲೆಯ ಮೇಲೆ ಅಗಲವಾದ ಗ್ರಿಲ್ ಹಲಗೆ ಇಟ್ಟು ಬಾರ್ಬೆಕ್ಯೂ ಮಾಡುವುದು ಈಗ ಎಲ್ಲ ಕಡೆ ಕಾಣುತ್ತದೆ. ಹಲಗೆ ಡಬ್ಬಿಯ ಮೇಲಕ್ಕೆ ಚಾಚಿದರೆ ಬಿಸಿ ನೇರವಾಗಿ ಡಬ್ಬಿಗೆ ಬಡಿದು ಒಳಗಿನ ಒತ್ತಡ ಏರುತ್ತದೆ, ಡಬ್ಬಿ ಸಿಡಿಯಬಹುದು. ಆ ಒಲೆ ಚಹಾಕ್ಕೆ, ಉಪ್ಪಿಟ್ಟಿಗೆ ಇರಲಿ. ಗ್ರಿಲ್ಲಿಗೆ ಉದ್ದದ ಪೈಪಿನಿಂದ ದೂರದ ಸಿಲಿಂಡರಿಗೆ ಸೇರುವಂಥದ್ದನ್ನೇ ತೆಗೆದುಕೊಳ್ಳಿ.

ಅಮೆರಿಕದಿಂದಲೋ ದುಬೈಯಿಂದಲೋ ಬಂಧುಗಳು ತಂದುಕೊಡುತ್ತೇವೆ ಎಂದರೆ ಹಿಗ್ಗುವ ಮೊದಲು ವಿಚಾರಿಸಿ. ಅಮೆರಿಕದ ಸಣ್ಣ ಗ್ರಿಲ್ಲುಗಳು ತಿರುಪಿನಿಂದ ಕೂರುವ, ಅರ್ಧ ಕಿಲೋಕ್ಕೂ ಕಡಿಮೆ ಅನಿಲ ಹಿಡಿಯುವ ಪ್ರೊಪೇನ್ ಡಬ್ಬಿಗೆ ಮಾಡಿದವು. ಅದರ ರೆಗ್ಯುಲೇಟರ್ ನಮ್ಮ ಸಿಲಿಂಡರಿಗೆ ಕೂರುವುದಿಲ್ಲ. ಯಾರೋ ಮೆಕ್ಯಾನಿಕ್ ಜೋಡಣೆ ಮಾಡಿಕೊಡುತ್ತೇನೆ ಎಂದರೂ ಒಪ್ಪಬೇಡಿ, ಒತ್ತಡ ಬೇರೆ, ಬರ್ನರಿಗೆ ಅನಿಲ ಬಿಡುವ ಜೆಟ್ಟಿನ ತೂತು ಬೇರೆ. ಖಾಲಿ ಡಬ್ಬಿಗೆ ಅಡುಗೆ ಅನಿಲ ತುಂಬಿಸಿಕೊಡುವ ಕಳ್ಳ ವ್ಯವಹಾರದ ಹತ್ತಿರವೂ ಹೋಗಬೇಡಿ. ನಮ್ಮ ಅಡುಗೆ ಅನಿಲಕ್ಕೇ ಮಾಡಿದ ಗ್ರಿಲ್, ಐಎಸ್‌ಐ ಗುರುತಿನ ರೆಗ್ಯುಲೇಟರ್, ಐಎಸ್‌ಐ ಗುರುತಿನ ರಬ್ಬರ್ ಪೈಪು ಇರಲಿ. ಪೈಪಿನ ಮೇಲೆ ಅಚ್ಚಾದ ವರ್ಷ ನೋಡಿ, ಐದು ವರ್ಷಕ್ಕೆ ಬದಲಾಯಿಸಿ.

ಪ್ರತಿ ಸಲ ಜೋಡಿಸಿದಾಗಲೂ ಸೋಪಿನ ಪರೀಕ್ಷೆ ಮಾಡಬೇಕು. ಲೋಟದಲ್ಲಿ ಸೋಪು ಕದಡಿ ದಟ್ಟ ನೊರೆ ಎಬ್ಬಿಸಿ. ಗ್ರಿಲ್ಲಿನ ಗುಂಡಿ ಮುಚ್ಚಿಟ್ಟು ಸಿಲಿಂಡರನ್ನು ಮಾತ್ರ ತೆರೆಯಿರಿ. ನೊರೆಯನ್ನು ಬೆರಳಿನಲ್ಲಿ ತೆಗೆದು ರೆಗ್ಯುಲೇಟರಿನ ಕುತ್ತಿಗೆಗೆ, ಪೈಪಿನ ಎರಡೂ ತುದಿಗೆ ಬಳಿದು ಒಂದು ನಿಮಿಷ ನೋಡುತ್ತಾ ಕೂರಿ. ನೊರೆ ಸುಮ್ಮನೆ ಕುಗ್ಗುತ್ತಾ ಹೋದರೆ ಸರಿ. ಒಂದೇ ಜಾಗದಲ್ಲಿ ಸಾಸಿವೆ ಗಾತ್ರದ ಗುಳ್ಳೆ ಹುಟ್ಟಿ, ಒಡೆದು, ಅಲ್ಲಿಯೇ ಇನ್ನೊಂದು ಹುಟ್ಟಿದರೆ ಅನಿಲ ಸೋರುತ್ತಿದೆ. ಆ ದಿನ ಗ್ರಿಲ್ ಹಚ್ಚಬೇಡಿ. ವ್ಯಾನಿನಲ್ಲಿ ಸಿಲಿಂಡರನ್ನು ನಿಲ್ಲಿಸಿಯೇ ಒಯ್ಯಬೇಕು, ಪಟ್ಟಿ ಹಾಕಿ ಬಿಗಿಯಬೇಕು, ರೆಗ್ಯುಲೇಟರ್ ಬಿಚ್ಚಿ ಮುಚ್ಚಳ ಹಾಕಿರಬೇಕು. ಅಡ್ಡ ಮಲಗಿಸಿದರೆ ದ್ರವವೇ ಬಾಯಿಗೆ ಬರುತ್ತದೆ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ಮೇಲೆ ಹಾರಿಹೋಗದೆ ನೆಲದ ಮಟ್ಟದಲ್ಲಿ ಮಡುಗಟ್ಟುತ್ತದೆ. ಆದ್ದರಿಂದ ಸಿಲಿಂಡರ್ ಇಡುವ ಗೂಡಿನ ತಳದಲ್ಲಿ ಹೊರಕ್ಕೆ ತೆರೆಯುವ ತೂತು ಇರಲೇಬೇಕು. ವ್ಯಾನ್ ಕಟ್ಟಿದವರು ಅದನ್ನು ಮಾಡಿದ್ದಾರೆಯೇ ಎಂದು ಬಗ್ಗಿ ನೋಡಿ.

ಮುಚ್ಚಳ ಬೇಕು ಎಂದು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಗಾಳಿಯೂ ಮಳೆಯೂ ಕಾರಣ. ಶರಾವತಿ ಹಿನ್ನೀರಿನ ದಡದಲ್ಲಿ ಸಂಜೆಯ ಗಾಳಿ ಸಣ್ಣ ಉರಿಯನ್ನು ಊದಿ ಆರಿಸಿಬಿಡುತ್ತದೆ, ಅನಿಲ ಮಾತ್ರ ಬರುತ್ತಲೇ ಇರುತ್ತದೆ. ಉರಿ ಆರಿದರೆ ತಾನಾಗಿ ಅನಿಲ ನಿಲ್ಲಿಸುವ ವ್ಯವಸ್ಥೆ ಇರುವ ಗ್ರಿಲ್ ಸಿಕ್ಕರೆ ನೂರಾರು ರೂಪಾಯಿ ಹೆಚ್ಚಾದರೂ ಅದನ್ನೇ ಕೊಳ್ಳಿ. ಮಳೆಗಾಲದಲ್ಲಿ ನಾಲ್ಕೂ ಬದಿ ತೆರೆದ, ತಲೆಗಿಂತ ಎತ್ತರದ ಟಾರ್ಪಾಲಿನ ಕೆಳಗೆ ಮುಚ್ಚಳದ ಗ್ಯಾಸ್ ಗ್ರಿಲ್ ನೆಮ್ಮದಿಯಿಂದ ಕೆಲಸ ಮಾಡುತ್ತದೆ.

ನಮ್ಮ ಮಳೆಗೆ ತುಕ್ಕು ಹಿಡಿಯದ ಕಬ್ಬಿಣವಿಲ್ಲ. ಬೀಡಿನ (ಎರಕದ ಕಬ್ಬಿಣದ) ಜಾಲರಿ ಬಿಸಿಯನ್ನು ಚೆನ್ನಾಗಿ ಹಿಡಿದಿಡುತ್ತದೆ, ಮೀನು ಅಂಟುವುದೂ ಕಡಿಮೆ. ಆದರೆ ಪ್ರತಿ ಸಲ ಒರೆಸಿ, ಬಿಸಿ ಇರುವಾಗಲೇ ಎಣ್ಣೆ ಸವರಿ, ಕಾಗದ ಸುತ್ತಿ ಇಡಬೇಕು. ಕಾದ ಬೀಡಿಗೆ ತಣ್ಣೀರು ಸುರಿದರೆ ಸೀಳುತ್ತದೆ. ಅಷ್ಟು ಉಪಚಾರ ಮಾಡುವ ವ್ಯವಧಾನವಿಲ್ಲದಿದ್ದರೆ ಸ್ಟೇನ್‌ಲೆಸ್ ಸ್ಟೀಲಿನ ದಪ್ಪ ಸರಳಿನ ಜಾಲರಿಯೇ ವಾಸಿ. ಊರಿನಲ್ಲಿಯೇ ವೆಲ್ಡಿಂಗ್ ಶಾಪಿನಲ್ಲಿ ಇದ್ದಿಲಿನ ಒಲೆ ಮಾಡಿಸುವವರೂ ಇದ್ದಾರೆ. 3 ಮಿಲಿಮೀಟರ್ ತಗಡು ಹಾಕಿಸಿದರೆ ಅದು ಬಹುಕಾಲ ಬಾಳುತ್ತದೆ, ಹೊರುವುದು ಮಾತ್ರ ಕಷ್ಟ. ಮಾಡಿಸುವಾಗ ಒಂದನ್ನು ನೋಡಿಕೊಳ್ಳಿ: ಹಾರ್ಡ್‌ವೇರ್ ಅಂಗಡಿಯ ಜಿಐ ಜಾಲರಿಯನ್ನು ಅಡುಗೆಗೆ ಹಾಕಿಸಬೇಡಿ. ಅದರ ಸತುವಿನ ಲೇಪ ಕೆಂಡದ ಕಾವಿಗೆ ಬಿಟ್ಟುಕೊಳ್ಳುತ್ತದೆ, ಆ ಹೊಗೆ ಮೈಗೆ ಜ್ವರ ತರಿಸುವಂಥದ್ದು.

ಗ್ಯಾಸಿನಲ್ಲಿ ರುಚಿ ಬರುವುದಿಲ್ಲ ಎಂಬ ದೂರು ನಿಮ್ಮ ಮನಸ್ಸಿನಲ್ಲಿಯೂ ಇರಬಹುದು. ಸುಟ್ಟ ಮಾಂಸದ ಆ ಪರಿಮಳದ ದೊಡ್ಡ ಪಾಲು ಬರುವುದು ಜಿಡ್ಡೂ ರಸವೂ ಕಾದ ಮೈಮೇಲೆ ತೊಟ್ಟಿಕ್ಕಿ ಹೊಗೆಯಾಗಿ ಮತ್ತೆ ಮೇಲೇರುವುದರಿಂದ. ಬರ್ನರಿನ ಮೇಲೆ ಇಳಿಜಾರಿನ ಲೋಹದ ಪಟ್ಟಿ ಇರುವ ಗ್ರಿಲ್ಲಿನಲ್ಲಿ ಅದು ಚೆನ್ನಾಗಿಯೇ ಆಗುತ್ತದೆ. ಇನ್ನಷ್ಟು ಹೊಗೆ ಬೇಕಾದರೆ ಒಣಗಿದ ಕಾಫಿ ಗಿಡದ ಚಕ್ಕೆಯನ್ನೋ ಪೇರಲೆ ಚಕ್ಕೆಯನ್ನೋ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ, ಎರಡು ತೂತು ಮಾಡಿ ಬರ್ನರಿನ ಹತ್ತಿರ ಇಟ್ಟು ಮುಚ್ಚಳ ಹಾಕಿ. ಸೂಜಿಮೆಣಸು, ಬೆಳ್ಳುಳ್ಳಿ, ಕಾಳುಮೆಣಸು ಅರೆದು ನಿಂಬೆರಸದಲ್ಲಿ ಕಲಸಿ ಕೋಳಿಗೆ ಸವರಿದ್ದರೆ ಉಳಿದ ಅನುಮಾನ ಅಲ್ಲಿಗೆ ತೀರುತ್ತದೆ. ಕೋಳಿ ಮೂಳೆಯ ಹತ್ತಿರ 74 ಡಿಗ್ರಿ ಮುಟ್ಟಬೇಕು. ಚುಚ್ಚಿ ನೋಡುವ ಥರ್ಮಾಮೀಟರ್ ಒಂದಿದ್ದರೆ ಮಕ್ಕಳಿಗೆ ಬಡಿಸುವಾಗ ಧೈರ್ಯವಿರುತ್ತದೆ.

ನಿಮ್ಮ ತಾಯಿಯವರಿಗಾಗಿ ಜಾಲರಿಯನ್ನು ಅರ್ಧ ಮಾಡಿ ಈ ಕಡೆ ತರಕಾರಿ, ಆ ಕಡೆ ಮಾಂಸ ಎಂದು ಮಾಡಬೇಡಿ. ಜಿಡ್ಡು ಸಿಡಿಯುತ್ತದೆ, ಅವರಿಗೆ ಊಟ ಇಳಿಯುವುದಿಲ್ಲ. ಅದೇ ಗ್ರಿಲ್ಲಿಗೆ ಎರಡನೆಯ ಜಾಲರಿ ಕೊಂಡು ಬಟ್ಟೆಯ ಚೀಲದಲ್ಲಿ ಬೇರೆ ಇಡಿ, ಇಕ್ಕಳವೂ ಬೇರೆ ಇರಲಿ. ಒಲೆ ಶುಚಿಯಾಗಿರುವಾಗ ಅವರ ಅಡುಗೆಯೇ ಮೊದಲು. ಎಣ್ಣೆ ಸವರಿದ ದುಂಡು ಬದನೆಕಾಯಿಯನ್ನು ಮುಚ್ಚಳದಡಿ ಇಟ್ಟು ಆಗಾಗ ತಿರುಗಿಸುತ್ತಿದ್ದರೆ ಇಪ್ಪತ್ತು ಇಪ್ಪತ್ತೈದು ನಿಮಿಷದಲ್ಲಿ ಸಿಪ್ಪೆ ಕರಿದಾಗಿ ಒಳಗೆ ಬೆಣ್ಣೆಯಾಗುತ್ತದೆ. ಸುಟ್ಟ ಬದನೆಕಾಯಿ ಗೊಜ್ಜು ಅಲ್ಲಿಯೇ ಆಯಿತು. ಗೆಣಸು, ಜೋಳದ ತೆನೆ, ಬೇಯಿಸಿದ ಸುವರ್ಣಗೆಡ್ಡೆಯ ಬಿಲ್ಲೆಗಳೂ ಚೆನ್ನಾಗಿ ಬರುತ್ತವೆ. ಮಾಂಸದ ಜಾಲರಿ ಆಮೇಲೆ ಏರಲಿ.

ಊಟವಾದ ಮೇಲೆ ಜಿಡ್ಡಿನ ತಟ್ಟೆಯನ್ನು ಹಾಗೇ ಹೊರಗೆ ಬಿಟ್ಟು ಮಲಗಬೇಡಿ, ರಾತ್ರಿ ನಾಯಿಯೋ ಕಾಡುಹಂದಿಯೋ ಹುಡುಕಿಕೊಂಡು ಬರುತ್ತದೆ. ಅದನ್ನು ಹೊಳೆಯಲ್ಲಿಯೂ ತೊಳೆಯಬೇಡಿ. ಕಾಗದದಿಂದ ಒರೆಸಿ, ಆ ಕಾಗದವನ್ನು ಮನೆಗೆ ಒಯ್ಯಿರಿ.

ಅಂಗಡಿಗೆ ಹೊರಡುವ ಮೊದಲು ವ್ಯಾನಿನ ಹಿಂಬದಿಯ ಗೂಡನ್ನು ಟೇಪು ಹಿಡಿದು ಅಳೆಯಿರಿ, ಗ್ರಿಲ್ಲಿನ ಮುಚ್ಚಳದ ಎತ್ತರ ಅದರಲ್ಲಿ ಹಿಡಿಸಬೇಕು. ಅಡುಗೆಯ ಜಾಗ 1,000 ಚದರ ಸೆಂಟಿಮೀಟರಿಗೆ ಕಡಿಮೆ ಇರಬಾರದು, 1,300 ದಾಟಿದರೆ ನಿಮಗೆ ಭಾರವೇ ಹೊರತು ಉಪಯೋಗವಿಲ್ಲ. ಮುಚ್ಚಳಕ್ಕೆ ಕೊಂಡಿ ಇದೆಯೇ ನೋಡಿ, ಆಗುಂಬೆಯ ತಿರುವುಗಳಲ್ಲಿ ಅದು ಗಡಗಡ ಬಡಿದುಕೊಳ್ಳಬಾರದು. ಕಾಲುಗಳನ್ನು ಬಿಚ್ಚಿ ನೆಲದ ಮೇಲೆ ನಿಲ್ಲಿಸಿ ಅಲುಗಾಡಿಸಿ. ಬರ್ನರ್, ಜಾಲರಿ, ಗುಂಡಿ ಬಿಡಿಯಾಗಿ ಸಿಗುತ್ತವೆಯೇ ಎಂದು ಬಾಯಿಬಿಟ್ಟು ಕೇಳಿ. ಇವಕ್ಕೆಲ್ಲ ಸರಿಯಾದ ಉತ್ತರ ಬಂದ ಮೇಲೆ ಬೆಲೆಯ ಮಾತು ತೆಗೆಯಿರಿ.